ಬ್ರೂಸ್ಟರ್ ಕೌಂಟಿಗೆ ಬಂದಿಳಿದ ಹೊಸಬರಿಗೆ

ಪಶ್ಚಿಮ ಟೆಕ್ಸಸ್‌ನ ಈ ಮೂಲೆಗೆ ನಮ್ಮ ಕನ್ನಡಿಗರು ಬರುವುದು ಆಸ್ಪತ್ರೆ ಕೆಲಸಕ್ಕೆ, ಇಲ್ಲವೇ ಆಲ್ಪೈನ್‌ನ ಸಲ್ ರಾಸ್ ವಿಶ್ವವಿದ್ಯಾಲಯಕ್ಕೆ. ಬಂದ ವಾರದಲ್ಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಜನ ಎಲ್ಲಿ?" ಅದಕ್ಕೇ ಈ ಬರಹ. ಬ್ಯಾಂಕು, ಡ್ರೈವಿಂಗ್ ಲೈಸೆನ್ಸು ನಿಮಗೆ ಗೊತ್ತಿರುತ್ತೆ, ಅದನ್ನು ಬಿಟ್ಟಿದ್ದೇವೆ.

ಊರು ಎಷ್ಟು ದೊಡ್ಡದು

ಟೆಕ್ಸಸ್‌ನ 254 ಕೌಂಟಿಗಳಲ್ಲಿ ಇದೇ ದೊಡ್ಡದು, ಸುಮಾರು 16,000 ಚದರ ಕಿ.ಮೀ. ಬೆಂಗಳೂರು ನಗರ ಜಿಲ್ಲೆಯಂಥವು ಏಳು ಹಿಡಿಸುತ್ತವೆ. 2020ರ ಜನಗಣತಿಯಲ್ಲಿ ಸಿಕ್ಕ ಜನ 9,546. ಅದರಲ್ಲಿ ಆರು ಸಾವಿರದಷ್ಟು ಮಂದಿ ಆಲ್ಪೈನ್‌ನಲ್ಲೇ ಇದ್ದಾರೆ. ಮಿಕ್ಕವರು ಮ್ಯಾರಥಾನ್, ಟರ್ಲಿಂಗ್ವಾ, ಲಹಿಟಾಸ್ ಮತ್ತು ದೂರ ದೂರದ, ದನ ಸಾಕುವ ರಾಂಚ್‌ಗಳಲ್ಲಿ.

ಇಷ್ಟು ದೊಡ್ಡದಾಗಿದ್ದಕ್ಕೂ ಜನ ಇಲ್ಲದಿರುವುದೇ ಕಾರಣ. 1887ರಲ್ಲಿ ಪ್ರೆಸಿಡಿಯೊ ಕೌಂಟಿಯನ್ನು ಒಡೆದಾಗ ಬ್ರೂಸ್ಟರ್ ಜೊತೆಗೆ ಬುಕೆಲ್, ಫೋಲಿ ಅಂತ ಇನ್ನೆರಡು ಕೌಂಟಿ ಮಾಡಿದ್ದರು. ಅವನ್ನು ನಡೆಸಲು ಸಾಕಷ್ಟು ಜನವೇ ಇರಲಿಲ್ಲ. 1897ರಲ್ಲಿ ಎರಡನ್ನೂ ಬ್ರೂಸ್ಟರ್‌ಗೆ ಸೇರಿಸಿಬಿಟ್ಟರು.

ಕಾಗದಪತ್ರ: ದಯವಿಟ್ಟು ಎರಡು ಸಲ ಓದಿ

ದಕ್ಷಿಣದ ಗಡಿ ರಿಯೊ ಗ್ರಾಂಡೆ ನದಿ. ಆಚೆ ದಡ ಮೆಕ್ಸಿಕೊ. ನದಿ ದಡದ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನ ನೋಡಿಕೊಂಡು ಉತ್ತರಕ್ಕೆ ವಾಪಸ್ ಬರುವಾಗ 118ನೇ ರಸ್ತೆಯಲ್ಲೂ 385ನೇ ರಸ್ತೆಯಲ್ಲೂ ಬಾರ್ಡರ್ ಪ್ಯಾಟ್ರೋಲ್ (ಗಡಿ ಕಾವಲು ಪಡೆ) ತಪಾಸಣೆ ಇದೆ. ನೀವು ದೇಶ ಬಿಟ್ಟು ಹೋಗಿರಲಿಲ್ಲ, ನಿಜ. ಆದರೂ ನಿಲ್ಲಿಸಿ ಕೇಳುತ್ತಾರೆ.

ಅಮೆರಿಕದ ಪೌರರಲ್ಲದ, 18 ದಾಟಿದ ಪ್ರತಿಯೊಬ್ಬರೂ ತಮ್ಮ ದಾಖಲೆ ಮೈಮೇಲೆ ಇಟ್ಟುಕೊಳ್ಳಬೇಕು ಅನ್ನುವುದು ಕಾನೂನು. ಗ್ರೀನ್ ಕಾರ್ಡ್ ಇದ್ದವರು ಕಾರ್ಡ್, ವೀಸಾದವರು ಪಾಸ್‌ಪೋರ್ಟು ಮತ್ತು ಐ-94 (ದೇಶದೊಳಗೆ ಬಂದ ದಾಖಲೆ). "ಫೋನಿನಲ್ಲಿ ಫೋಟೊ ಇದೆ" ಅಂತ ಹೊರಡಬೇಡಿ. "ಡ್ರೈವಿಂಗ್ ಲೈಸೆನ್ಸ್ ಸಾಕು" ಅಂತಲೂ ಬೇಡ.

ಎಲ್ಲಕ್ಕಿಂತ ಜಾಸ್ತಿ ಕಷ್ಟ ಊರಿಂದ ಬಂದ ಅಪ್ಪ-ಅಮ್ಮ, ಅತ್ತೆ-ಮಾವ ಜೊತೆಗಿದ್ದಾಗ. ಅವರ ಪಾಸ್‌ಪೋರ್ಟು ಮನೆಯ ಬೀರುವಿನಲ್ಲಿ ಸೀರೆ ಕೆಳಗೆ ಭದ್ರವಾಗಿರುತ್ತೆ! ನಮ್ಮ ಮಾವನವರನ್ನು ಹಾಗೆ ನಿಲ್ಲಿಸಿದ್ದರು. ಪ್ರಶ್ನೆ ಅವರಿಗೆ ಅರ್ಥವಾಗಲಿಲ್ಲ, ಉತ್ತರ ಅಧಿಕಾರಿಗೆ ಅರ್ಥವಾಗಲಿಲ್ಲ. ಸುಡು ಬಿಸಿಲಲ್ಲಿ ಎಲ್ಲರೂ ಕಾರಿಂದಿಳಿದು ಕಾಯಬೇಕಾಯಿತು. ಮುಂದೆ ಕೂತವರೇ ಹಿರಿಯರ ಪಾಸ್‌ಪೋರ್ಟನ್ನೂ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ.

ಬಿಗ್ ಬೆಂಡ್ ಪಾರ್ಕಿನೊಳಗೆ ಬೊಕಿಯಾಸ್ ಅನ್ನುವ ಕಡೆ ಸಣ್ಣ ದೋಣಿಯಲ್ಲಿ ನದಿ ದಾಟಿ ಮೆಕ್ಸಿಕೊ ಹಳ್ಳಿಗೆ ಹೋಗಬಹುದು. ಅದೂ ವಿದೇಶ ಪ್ರಯಾಣವೇ. ವೀಸಾ ಮುದ್ರೆಯ ಅವಧಿ ಮುಗಿದವರು ವಕೀಲರನ್ನು ಕೇಳದೆ ದೋಣಿ ಹತ್ತಬೇಡಿ. ಬೇಸಿಗೆಯಲ್ಲಿ ನೀರು ಮೊಣಕಾಲಷ್ಟೇ ಇದೆ ಅಂತ ನಡೆದುಕೊಂಡು ದಾಟಿ ಫೋಟೊ ತೆಗೆಸಿಕೊಳ್ಳುವುದಂತೂ ಬೇಡವೇ ಬೇಡ. ಹಾಗೆ ಮಾಡಿದವರು ನಮ್ಮಲ್ಲೇ ಇದ್ದಾರೆ, ಹೆಸರು ಬೇಡ.

ಈ ಕಾವಲು ನಿನ್ನೆ ಮೊನ್ನೆಯದಲ್ಲ. ಮೆಕ್ಸಿಕೊ ಕ್ರಾಂತಿಯ ಕಾಲದಲ್ಲಿ, 1916ರ ಮೇ ತಿಂಗಳಲ್ಲಿ, ನದಿಯಾಚೆಯಿಂದ ಬಂದವರು ಗ್ಲೆನ್ ಸ್ಪ್ರಿಂಗ್ ಅನ್ನುವ ಸಣ್ಣ ಊರಿನ ಮೇಲೆ ದಾಳಿ ಮಾಡಿದರು. ಆಮೇಲೆ ಗಡಿಗೆ ಇನ್ನಷ್ಟು ಸೈನ್ಯ ಬಂತು.

ಜನ, ಕೆಲಸ, ಹಳೆಯ ಕಥೆ

1882ರಲ್ಲಿ ರೈಲು ಬಂತು. ಉಗಿ ಎಂಜಿನ್ನಿಗೆ ನೀರು ಬೇಕಿತ್ತು, ಇಲ್ಲಿ ಚಿಲುಮೆ ಇತ್ತು. ಆಲ್ಪೈನ್ ಬೆಳೆದದ್ದು ಹಾಗೆ. ಮೊದಲು ಮರ್ಫಿವಿಲ್ ಅಂತಿದ್ದರು, 1888ರಲ್ಲಿ ಈಗಿನ ಹೆಸರು ಬಂತು. ರೈಲು ಇಂದಿಗೂ ನಿಲ್ಲುತ್ತೆ, ವಾರಕ್ಕೆ ಮೂರು ದಿನ ಮಾತ್ರ. ಗಂಟೆಗಟ್ಟಲೆ ತಡವಾಗಿ ಬಂದರೆ ಆಶ್ಚರ್ಯಪಡಬೇಡಿ.

ಟರ್ಲಿಂಗ್ವಾ ಪಾದರಸದ ಊರು. ಕೆಂಪು ಅದಿರನ್ನು ಕುಲುಮೆಯಲ್ಲಿ ಕಾಯಿಸಿ ಪಾದರಸ ತೆಗೆಯುತ್ತಿದ್ದರು. ಗಣಿಯಲ್ಲಿ ದುಡಿದವರು ಹೆಚ್ಚಾಗಿ ಮೆಕ್ಸಿಕೊ ಮೂಲದವರು. ಚೀಸೋಸ್ ಮೈನಿಂಗ್ ಕಂಪನಿ 1942ರಲ್ಲಿ ದಿವಾಳಿಯಾಯಿತು. ಕಲ್ಲು ಮತ್ತು ಹಸಿ ಇಟ್ಟಿಗೆಯ ಮೊಂಡುಗೋಡೆಗಳು ಹಾಗೇ ನಿಂತಿವೆ. ಅಲ್ಲಿನ ಸ್ಮಶಾನದಲ್ಲಿ ಕಲ್ಲುಗುಪ್ಪೆ, ವಾಲಿದ ಮರದ ಶಿಲುಬೆ, ಕರಗಿದ ಮೇಣದಬತ್ತಿ, ಯಾರೋ ಇಟ್ಟುಹೋದ ಚಿಲ್ಲರೆ ಕಾಸು ಕಾಣುತ್ತೆ. ನವೆಂಬರ್ 2ರಂದು ಊರವರು ಬಂದು ದೀಪ ಹಚ್ಚುತ್ತಾರೆ. ನಮ್ಮ ಪಿತೃಪಕ್ಷ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಹೋಗಿ, ಆದರೆ ಚಪ್ಪಲಿಕಾಲಲ್ಲಿ ಗೋರಿ ಹತ್ತಬೇಡಿ, ಜೋರು ಮಾತು ಬೇಡ.

ಮಿಕ್ಕಂತೆ ದನದ ರಾಂಚ್‌ಗಳು. ರಸ್ತೆಯಲ್ಲಿ ಎದುರು ಬರುವ ಟ್ರಕ್ಕಿನವರು ಸ್ಟೇರಿಂಗ್ ಮೇಲಿಂದ ಒಂದು ಬೆರಳೆತ್ತುತ್ತಾರೆ. ಅದು ನಮಸ್ಕಾರ. ನೀವೂ ಎತ್ತಿ. ಅವರ ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ. ಊಟಕ್ಕೆ ಕರೆದರೆ "ನಾವು ಮಾಂಸ ತಿನ್ನಲ್ಲ" ಅಂತ ಮೊದಲೇ ನಗುತ್ತಾ ಹೇಳಿ, ಮೂಗು ಮುರಿಯಬೇಡಿ. ಕಾರು ಕೆಟ್ಟು ನಿಂತರೆ ಬರುವವರು ಅವರೇ.

ಸ್ಪ್ಯಾನಿಶ್ ನಾಲ್ಕು ಮಾತು ಕಲಿಯಿರಿ. ಮಕ್ಕಳು ಹೇಗೂ ಕಲಿಯುತ್ತಾರೆ.

ದಾರಿ

ಆಲ್ಪೈನ್‌ನಿಂದ ಮೈಲಿ ಲೆಕ್ಕದಲ್ಲಿ, ಸುಮಾರಾಗಿ:

- ಮಾರ್ಫಾ 26
- ಮ್ಯಾರಥಾನ್ 30
- ಟರ್ಲಿಂಗ್ವಾ 80
- ಒಡೆಸಾ 150
- ಎಲ್ ಪಾಸೊ 220

ಟರ್ಲಿಂಗ್ವಾ ಮಕ್ಕಳು ಒಂದು ಕಾಲದಲ್ಲಿ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಆಲ್ಪೈನ್‌ಗೆ ಬಂದು ಹೋಗುತ್ತಿದ್ದರು. ಆದ್ದರಿಂದ "ಅಂಗಡಿ ದೂರ" ಅಂತ ಇಲ್ಲಿನವರ ಮುಂದೆ ಗೊಣಗಬೇಡಿ.

ಅರ್ಧ ಟ್ಯಾಂಕ್ ಆಗುತ್ತಲೇ ಗ್ಯಾಸ್ (ಅಂದರೆ ಪೆಟ್ರೋಲ್) ಹಾಕಿಸಿ. ತಲಾ ಒಂದು ಗ್ಯಾಲನ್ ನೀರು ಡಿಕ್ಕಿಯಲ್ಲಿರಲಿ. ನಕ್ಷೆ ಫೋನಿಗೆ ಇಳಿಸಿಕೊಳ್ಳಿ, ಸಿಗ್ನಲ್ ಇರಲ್ಲ. ಮುಸ್ಸಂಜೆ ಮೇಲೆ ಜಿಂಕೆ, ಹವಲೀನಾ (ಕಾಡುಹಂದಿಯಂಥ ಪ್ರಾಣಿ) ಅಡ್ಡ ಬರುತ್ತವೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಳೆ. ಒಣಗಿದ ಹಳ್ಳ ಕ್ಷಣದಲ್ಲಿ ತುಂಬಿ ಬರುತ್ತೆ, ನೀರು ಹರಿಯುತ್ತಿದ್ದರೆ ಕಾರು ಇಳಿಸಬೇಡಿ.

ಅಡುಗೆ

ಸೋನಾ ಮಸೂರಿ, ತೊಗರಿಬೇಳೆ, ರಾಗಿಹಿಟ್ಟು: ಒಡೆಸಾ ಕಡೆ ಹೋಗುವವರ ಹತ್ತಿರ ತರಿಸಿಕೊಳ್ಳಿ. ಕೊತ್ತಂಬರಿ, ಹಸಿಮೆಣಸು, ಹುಣಸೆ ಇಲ್ಲೇ ಸಿಗುತ್ತೆ. ಆಲ್ಪೈನ್ ಬೆಂಗಳೂರಿಗಿಂತ ಎತ್ತರ, ಬೇಳೆಗೆ ಒಂದು ಸೀಟಿ ಜಾಸ್ತಿ.

ಆಸ್ಪತ್ರೆ

ದೊಡ್ಡ ಚಿಕಿತ್ಸೆಗೆ ದೂರದೂರಿಗೇ ಹೋಗಬೇಕು. ಬಸುರಿಯರು ಹೆರಿಗೆ ಎಲ್ಲಿ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ.

ನೋಡಲು

ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನ, 1944ರಿಂದ, ಎಂಟು ಲಕ್ಷ ಎಕರೆ. ಸಾಂಟಾ ಎಲೆನಾ ಕಣಿವೆ. ಎಮರಿ ಶಿಖರ, 7,825 ಅಡಿ. ಅಮಾವಾಸ್ಯೆ ರಾತ್ರಿಯ ಆಕಾಶ. ಮನೆ ಹೊರಗಿನ ದೀಪ ಆರಿಸಿ, ಇಲ್ಲಿ ಅದಕ್ಕೂ ನಿಯಮ ಇದೆ.

ರಾಜ್ಯೋತ್ಸವ

ಬೆರಳೆಣಿಕೆ ಮನೆಗಳಾದರೂ ಬಾವುಟ ಏರಿಸುವುದನ್ನು ನಾವು ಬಿಟ್ಟಿಲ್ಲ. ನವೆಂಬರ್ ಮೊದಲ ಶನಿವಾರ ಮಾತ್ರ ಇಟ್ಟುಕೊಳ್ಳುವುದಿಲ್ಲ. ಅಂದು ಟರ್ಲಿಂಗ್ವಾದಲ್ಲಿ 1967ರಿಂದ ನಡೆದು ಬಂದ ಚಿಲಿ (ಮೆಣಸಿನಕಾಯಿ ಹಾಕಿದ ಮಾಂಸದ ಸಾರು) ಅಡುಗೆ ಸ್ಪರ್ಧೆ, ಸಾವಿರಾರು ಜನ ಬರುತ್ತಾರೆ, ದೂರದಿಂದ ಬರುವ ನಮ್ಮವರಿಗೆ ರೂಮು ಸಿಗಲ್ಲ. ಮುಂದಿನ ಶನಿವಾರ ಬನ್ನಿ. ಏನು ಮಾಡಿ ತರುತ್ತೀರಿ ಅಂತ ಗುಂಪಿನಲ್ಲಿ ಮೊದಲೇ ಬರೆಯಿರಿ. ಹೋದ ಸಲ ಎಲ್ಲರೂ ಪುಳಿಯೋಗರೆಯನ್ನೇ ತಂದಿದ್ದರು.