ಊರಿನ ಮ್ಯೂಸಿಯಂನಲ್ಲಿ ಕಾಲಕ್ಕೆ ತಕ್ಕ ಪ್ರದರ್ಶನ ಮಾಡುವುದು ಹೇಗೆ

ಊರವರೇ ಸೇರಿ, ಸಂಬಳವಿಲ್ಲದೆ ನಡೆಸುವ ಮ್ಯೂಸಿಯಂಗಳ ಪಾಡು ಹೆಚ್ಚುಕಡಿಮೆ ಒಂದೇ. ಉದ್ಘಾಟನೆಯ ದಿನ ಜನವೋ ಜನ. ಆಮೇಲೆ ಅದೇ ಒನಕೆ, ಅದೇ ತಾಮ್ರದ ಕೊಡ. ಒಂದು ಸಲ ನೋಡಿದವರು ಮತ್ತೆ ಯಾಕೆ ಬರಬೇಕು ಹೇಳಿ? ವರ್ಷಕ್ಕೆ ಮೂರ್ನಾಲ್ಕು ಸಲ ಪ್ರದರ್ಶನ ಬದಲಿಸಿ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಲೆಕ್ಕದಲ್ಲಿ ಹೇಳುತ್ತೇನೆ, ನೀವು ನಿಮ್ಮ ಊರಿನ ಬೆಳೆ, ಹಬ್ಬ ನೋಡಿ ಹೊಂದಿಸಿಕೊಳ್ಳಿ.

ಒಂದು ವಸ್ತು ಯಾವ ಕಾಲದಲ್ಲಿ ಬಳಕೆಯಲ್ಲಿತ್ತೋ ಆ ಕಾಲದಲ್ಲೇ ಅದನ್ನು ಹೊರಗಿಡಬೇಕು. ಮಳೆಗೆ ಹೊದೆಯುವ ಗೊರಬನ್ನು ಏಪ್ರಿಲ್‌ನಲ್ಲಿ ಇಟ್ಟರೆ ಜನ ಸುಮ್ನೆ ನೋಡಿ ಹೋಗುತ್ತಾರೆ. ಜುಲೈನಲ್ಲಿ, ಹೊರಗೆ ಜಡಿಮಳೆ ಹೊಯ್ಯುತ್ತಿರುವಾಗ ಇಡಿ, ನಾಟಿ ಮಾಡಿ ಬೆನ್ನು ಬಗ್ಗಿದ ಅಜ್ಜಿಯೊಬ್ಬರು ಬಂದು, ಬಿದಿರಿನ ಹಂದರಕ್ಕೆ ಎಲೆ ಹೇಗೆ ಹೊದಿಸುತ್ತಿದ್ದರು, ತಲೆ ಮೇಲೆ ಹೊತ್ತು ಬಗ್ಗಿದರೆ ಬೆನ್ನೆಲ್ಲಾ ಹೇಗೆ ಮುಚ್ಚುತ್ತಿತ್ತು, ಎರಡೂ ಕೈ ಸಸಿಗೆ ಹೇಗೆ ಬಿಡುವಾಗುತ್ತಿತ್ತು ಅಂತ ತಾವೇ ತೋರಿಸುತ್ತಾರೆ. ಆ ಮಾತು ಯಾವ ರಿಜಿಸ್ಟರ್‌ನಲ್ಲೂ ಇರುವುದಿಲ್ಲ. ಅದಕ್ಕೇ ಅವರ ಒಪ್ಪಿಗೆ ಕೇಳಿ ಮೊಬೈಲ್‌ನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳಿ. ಮುಂದಿನ ವರ್ಷ ವಸ್ತುವಿನ ಪಕ್ಕ ಇಡುವ ಚೀಟಿಯಲ್ಲಿ ಅವರ ಮಾತೇ ಇರಲಿ.

ಪೈರಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹೊತ್ತಿಗೆ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ, ಗೋಡೆಗೆ ಬರೆಯುವ ಹಸೆ ಚಿತ್ತಾರ. ಚಿತ್ತಾರ ಬರೆಯುವವರು ಊರಲ್ಲಿದ್ದರೆ ಅವರನ್ನೇ ಕರೆಸಿ, ಸಂಭಾವನೆ ಕೊಡಿ. ಅಡಿಕೆ ಕೊಯ್ಲಿಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ, ಬೇಯಿಸುವ ಹಂಡೆ. ಸುಗ್ಗಿಗೆ ಕೊಳಗ, ಸೇರು, ಪಾವು. ಇಲ್ಲಿ ಒಂದು ಬುಟ್ಟಿ ಭತ್ತ ಇಟ್ಟು ಮಕ್ಕಳೇ ಅಳೆಯಲಿ, ನಾಲ್ಕು ಪಾವಿಗೆ ಒಂದು ಸೇರು ಅನ್ನುವುದು ಕೈಯಲ್ಲೇ ಗೊತ್ತಾಗುತ್ತದೆ. ಕೊಳಗಕ್ಕೆ ಎಷ್ಟು ಸೇರು ಅನ್ನುವುದು ಊರಿಂದ ಊರಿಗೆ ಬೇರೆ, ಹಾಗಾಗಿ ನಿಮ್ಮ ಊರಿನ ಲೆಕ್ಕ ಹಿರಿಯರನ್ನು ಕೇಳಿಯೇ ಬರೆಯಿರಿ.

ಬೇಸಿಗೆ ನಮ್ಮ ಕಡೆ ಮುಳುಗಡೆಯನ್ನು ನೆನೆಯುವ ಕಾಲ. ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟು ಅದರ ಹಿನ್ನೀರಲ್ಲೇ ಮುಳುಗಿತು. ನೀರು ತೀರಾ ಇಳಿದ ವರ್ಷ ಅದು ಮತ್ತೆ ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಬೆಂಗಳೂರು ಸೇರಿದವರೂ ರಜೆಗೆ ಊರಿಗೆ ಬಂದಿರುತ್ತಾರೆ. ಮುಳುಗಡೆಯಾದ ಮನೆಗಳ ಫೋಟೋ, ಪರಿಹಾರದ ಕಾಗದ, ಊರುಗಳ ಹೆಸರಿನ ಪಟ್ಟಿ ಇಡಲು ಇದಕ್ಕಿಂತ ಒಳ್ಳೆ ಹೊತ್ತು ಇಲ್ಲ. ದುಃಖದ ವಿಷಯ, ಹಾಗಾಗಿ ಕೂತು ಮಾತಾಡಲು ಒಂದೆರಡು ಬೆಂಚು ಹಾಕಿ.

ಒಂದು ಪ್ರದರ್ಶನಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ವಸ್ತು ಬೇಡ. ಚೀಟಿಯಲ್ಲಿ ಮೊದಲು ಊರಲ್ಲಿ ಕರೆಯುವ ಹೆಸರು, ಆಮೇಲೆ ಏನಕ್ಕೆ ಬಳಸುತ್ತಿದ್ದರು, ಯಾವ ಊರಿಂದ ಬಂತು. ದಪ್ಪ ಅಕ್ಷರ, ಮೂರು ಸಾಲು ಸಾಕು, ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರಿಗೂ ಕಾಣಬೇಕಲ್ವಾ.

ಮಳೆಗಾಲದಲ್ಲಿ ಓಲೆಗರಿ, ಕಡತ, ಹಳೆ ಪತ್ರಗಳನ್ನು ಹೊರಗಿಡಲೇಬೇಡಿ. ಕಡತ ಅಂದರೆ ಹುಣಸೆಬೀಜದ ಅಂಟಿಗೆ ಇದ್ದಿಲು ಬೆರೆಸಿ ಹಚ್ಚಿದ ಬಟ್ಟೆ. ಥಂಡಿ ಹತ್ತಿದರೆ ಬೂಸ್ಟು, ಹುಳ ಎರಡೂ ಗ್ಯಾರಂಟಿ. ಒಳ್ಳೆ ಫೋಟೋ ತೆಗೆದು ಅದನ್ನೇ ಇಡಿ. ಮೂಲ ಪ್ರತಿಗೆ ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಬೇಡ. ಬೇಸಿಗೆಯಲ್ಲಿ ಹೊರಗಿಟ್ಟರೂ ಕಿಟಕಿಯ ಬಿಸಿಲು ಬೀಳದ ಕಡೆ ಇಡಿ, ಬಣ್ಣ ಹೋದರೆ ಮತ್ತೆ ಬರುವುದಿಲ್ಲ.

ಯಾರದೋ ಮನೆಯಿಂದ ವಸ್ತು ತರುವಾಗ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ: ಪೂರ್ತಿ ಕೊಟ್ಟಿದ್ದೋ, ಪ್ರದರ್ಶನಕ್ಕೆ ಮಾತ್ರವೋ, ವಾಪಸ್ ಯಾವಾಗ. ಮೊದಲೇ ಇದ್ದ ಬಿರುಕು ಕಾಣುವ ಹಾಗೆ ಕೊಟ್ಟವರ ಎದುರೇ ಫೋಟೋ ತೆಗೆಯಿರಿ. ಯಾರಾದರೂ ಹಳೆ ವಿಗ್ರಹ ತಂದುಕೊಟ್ಟರೆ ಸುಮ್ಮನೆ ತೆಗೆದಿಟ್ಟುಕೊಳ್ಳಬೇಡಿ. ನೂರು ವರ್ಷ ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಬರುತ್ತದೆ. ನೆಲದಲ್ಲಿ ಸಿಕ್ಕ ನಿಧಿಯಾದರೆ ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಶಾಸನದ ಕಲ್ಲನ್ನಂತೂ ಇದ್ದ ಜಾಗದಿಂದ ಕೀಳಬೇಡಿ, ಫೋಟೋ ಸಾಕು.

ಪ್ರದರ್ಶನ ಬಿಚ್ಚುವ ದಿನ ಕನಿಷ್ಠ ಇಬ್ಬರು ಇರಿ. ಒಬ್ಬರು ಒರೆಸಿ ಒಳಗಿಡಲಿ, ಇನ್ನೊಬ್ಬರು ಆ ಸಲ ಜನ ಹೇಳಿದ್ದನ್ನೆಲ್ಲ ಆಯಾ ವಸ್ತುವಿನ ಪುಟದಲ್ಲೇ ಬರೆದು ಮುಗಿಸಲಿ.