ಎಂಎಚ್ ಗಾಡಿಗೆ ಕೆಎ 20 ನಂಬರ್: ಮೊದಲು ಇನ್‌ವಾಯ್ಸ್, ಆಮೇಲೆ ಕಾರು

ಮುಂಬೈಯಿಂದ ಎಂಎಚ್, ಅಂದರೆ ಮಹಾರಾಷ್ಟ್ರ ನಂಬರಿನ ಗಾಡಿ ತಂದು ಇಲ್ಲಿ ಉಡುಪಿಯ ಕೆಎ 20 ನಂಬರ್ ಮಾಡಿಸುತ್ತೇನೆ ಅಂದಾಗ ಕಟಪಾಡಿಯ ಗ್ಯಾರೇಜಿನಲ್ಲಿ ಕೂತಿದ್ದವರೆಲ್ಲ ಹೇಳಿದ್ದು ಒಂದೇ ಮಾತು. "ಬೇಡ ಮಾರಾಯ, ಅಲ್ಲಿ ಉಳಿಸಿದ್ದನ್ನೆಲ್ಲ ಇಲ್ಲಿ ಟ್ಯಾಕ್ಸ್ ಕಟ್ಟಲಿಕ್ಕೆ ಸುರಿಯುವುದೇ ಆಗ್ತದೆ." ಹಾಗೆ ಹೇಳಲು ಅವರಿಗೆ ಕಾರಣ ಇತ್ತು. 2019ರಲ್ಲಿ ನಾನು ಕಾಸರಗೋಡಿನಿಂದ ತಂದ ಕೆಎಲ್ 14 ಗಾಡಿಯ ಕಥೆ ಅವರೆಲ್ಲರಿಗೂ ಗೊತ್ತು. ಈಗ ಮುಂಬೈಯ ಕಾರು ಕೆಎ 20 ನಂಬರ್ ಹಾಕಿಕೊಂಡು ನನ್ನ ಅಂಗಳದಲ್ಲಿ ನಿಂತಿದೆ. ಎಲ್ಲ ಖರ್ಚು ಸೇರಿಸಿದರೂ ಇಲ್ಲಿನ ರೇಟಿಗಿಂತ 75 ಸಾವಿರದ ಮೇಲೆ ಉಳಿದಿದೆ. ಹೇಗೆ ಉಳಿಯಿತು ಅಂತ ಎಷ್ಟೋ ಜನ ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಗಾಡಿ ವರ್ಗಾವಣೆಯ ಫಾರಂ 28, 29, 30 ಅಂದರೆ ಏನು, ಸಾರಿಗೆ ಇಲಾಖೆಯ ಪರಿವಾಹನ್ ಪೋರ್ಟಲಿನಲ್ಲಿ ಎಲ್ಲಿ ಒತ್ತಬೇಕು ಎಂದು ವಿವರಿಸಲು ಹೋಗುವುದಿಲ್ಲ. ಒಂದೆರಡು ಗಾಡಿ ಕೊಂಡು ಮಾರಿದವರಿಗೆ ಅದು ಗೊತ್ತು. ಬೆಂಗಳೂರಿನ ಕೆಎ 01 ಗಾಡಿಯೋ ಮಂಗಳೂರಿನ ಕೆಎ 19 ಗಾಡಿಯೋ ಆದರೆ ಈ ತಲೆಬಿಸಿಯೇ ಇಲ್ಲ, ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ (ಗಾಡಿಯ ಆಯುಷ್ಯಕ್ಕೆ ಒಂದೇ ಸಲ ಕಟ್ಟುವ ತೆರಿಗೆ) ಕಟ್ಟಿ ಆಗಿರುತ್ತದೆ, ಹೆಸರು ಬದಲಿಸಿದರೆ ಮುಗಿಯಿತು. ಗಡಿ ದಾಟಿ ಬರುವ ಗಾಡಿಗೆ ಆ ಟ್ಯಾಕ್ಸನ್ನು ಇಲ್ಲಿ ಹೊಸದಾಗಿ ಕಟ್ಟಬೇಕು, ಅದರದ್ದೇ ವಿಷಯ.

ಕಾಸರಗೋಡಿನ ಗಾಡಿಯಲ್ಲಿ ಸೋತದ್ದು ಹೀಗೆ. ಮೂರು ವರ್ಷ ದಾಟಿದ ಡೀಸೆಲ್ ಗಾಡಿ, ಮಾರಿದವರು ದುಬೈಗೆ ಹೊರಟಿದ್ದವರು, ರೇಟು ಚೆನ್ನಾಗಿ ಸಿಕ್ಕಿತು. ಹೊಸದಾಗಿ ಕೊಂಡಾಗ 9.4 ಲಕ್ಷ ಬಿದ್ದಿತ್ತು ಅಂತ ಬಾಯಲ್ಲಿ ಹೇಳಿದ್ದರು. ಶೋರೂಮಿನ ಬಿಲ್ಲು, ಅಂದರೆ ಇನ್‌ವಾಯ್ಸ್ ಕೇಳಿದೆ, "ಮನೆ ಬದಲಿಸುವಾಗ ಕಳೆದುಹೋಯಿತು" ಅಂದರು, ನಾನೂ ಸುಮ್ಮನಾದೆ. ಎಲ್ಲವನ್ನೂ ಒಬ್ಬ ಏಜೆಂಟನಿಗೆ ಒಪ್ಪಿಸಿ 12 ಸಾವಿರ ಕೊಟ್ಟೆ. ಅವನು ಇನ್‌ವಾಯ್ಸ್ ಹುಡುಕುವ ಗೋಜಿಗೇ ಹೋಗಲಿಲ್ಲ. ಟ್ಯಾಕ್ಸ್ ಹಾಕುವಾಗ ಗಾಡಿಯ ಬೆಲೆ 10.6 ಲಕ್ಷ ಅಂತ ಹಿಡಿದರು. 10 ಲಕ್ಷದ ಗೆರೆ ದಾಟಿತಲ್ಲ, ಶೇ 14 ಇದ್ದದ್ದು ಶೇ 17 ಆಯಿತು. ಕಟ್ಟಿದ್ದು 1.62 ಲಕ್ಷದಷ್ಟು. 9.4ರ ಬಿಲ್ಲು ಕೈಯಲ್ಲಿ ಇದ್ದಿದ್ದರೆ 1.18 ಲಕ್ಷಕ್ಕೆ ಮುಗಿಯುತ್ತಿತ್ತು. ಒಂದು ಕಾಗದ ಇಲ್ಲದ್ದಕ್ಕೆ 44 ಸಾವಿರ ಹೋಯಿತು! ಕೇರಳದಲ್ಲಿ ಮೊದಲೇ ಕಟ್ಟಿದ್ದ ಟ್ಯಾಕ್ಸಿನಲ್ಲಿ ಉಳಿದ ವರ್ಷಗಳದ್ದನ್ನು ವಾಪಸು ಕೇಳೋಣ ಅಂದರೆ ಸಹಿ ಹಾಕಬೇಕಾದವರು ದುಬೈಯಲ್ಲಿ. ಎರಡು ವರ್ಷ ಮೆಸೇಜು ಹಾಕಿದೆ, ಆಮೇಲೆ ಬಿಟ್ಟೆ.

ಆ 44 ಸಾವಿರ ನನ್ನನ್ನು ಎಷ್ಟು ಕೊರೆಯಿತೆಂದರೆ ಲೆಕ್ಕವನ್ನು ಬುಡದಿಂದ ಕಲಿತೆ. ಕರ್ನಾಟಕದಲ್ಲಿ ಹೊರರಾಜ್ಯದ ಹಳೆ ಕಾರಿಗೆ ಲೈಫ್ ಟ್ಯಾಕ್ಸ್ ಹಾಕುವುದು ನೀವು ಕೊಟ್ಟ ಬೆಲೆಯ ಮೇಲೆ ಅಲ್ಲ, ಆ ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ. 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದರ ಮೇಲೆ 18. ಆ ಟ್ಯಾಕ್ಸಿನ ಮೇಲೆ ಸೆಸ್ ಶೇ 11. ಹೀಗೆ ಬಂದ ಮೊತ್ತದಲ್ಲಿ ಗಾಡಿಯ ವಯಸ್ಸು ನೋಡಿ ಒಂದು ಪಾಲು ಮಾತ್ರ ಕಟ್ಟಬೇಕು. ಮೂರು ವರ್ಷ ದಾಟಿದ್ದಕ್ಕೆ ಶೇ 81, ಆರು ದಾಟಿದ್ದಕ್ಕೆ 64, ಏಳು ದಾಟಿದರೆ 59, ಹೀಗೆ ವರ್ಷವರ್ಷಕ್ಕೆ ಮೆಟ್ಟಿಲು ಇಳಿಯುತ್ತದೆ. ಬ್ರೋಕರುಗಳು "ಐದಾರು ವರ್ಷದ ಗಾಡಿ, ಟ್ಯಾಕ್ಸ್ ಎಂತ ದೊಡ್ಡದಿಲ್ಲ" ಅನ್ನುವುದನ್ನು ನಂಬಬೇಡಿ. ಅವರು ಇವತ್ತಿನ ಬೆಲೆ ಮನಸ್ಸಲ್ಲಿ ಇಟ್ಟುಕೊಂಡು ಮಾತಾಡುತ್ತಾರೆ.

ಮುಂಬೈಯಲ್ಲಿ ಅಕ್ಕನ ಗಂಡನದ್ದು ಹೋಟೆಲು. ಭಾವನ ಕಾರು ಪೆಟ್ರೋಲ್ ಸೆಡಾನ್, ಜಿಎಸ್‌ಟಿ ಬಂದು ಬೆಲೆ ಸ್ವಲ್ಪ ಇಳಿದ ಮೇಲೆ 2017ರ ಆಗಸ್ಟಿನಲ್ಲಿ ಕೊಂಡದ್ದು. ಓಡಿದ್ದು 46 ಸಾವಿರ ಕಿಲೋಮೀಟರ್ ಅಷ್ಟೇ. ಅಲ್ಲಿನ ಡೀಲರುಗಳು 3.5 ಲಕ್ಷಕ್ಕಿಂತ ಮೇಲೆ ಬರುತ್ತಿರಲಿಲ್ಲ. ಅದೇ ಮಾಡೆಲ್, ಅದೇ ವರ್ಷದ ಕೆಎ 20 ಗಾಡಿಗೆ ಉಡುಪಿಯಲ್ಲಿ 5.1 ಲಕ್ಷ ಕೇಳುತ್ತಿದ್ದರು. "ಭಾವ, ನಿಮಗೆ 3.6 ಕೊಡ್ತೇನೆ. ಆದರೆ ನನಗೆ ಮೊದಲು ಕಾರು ಬೇಡ, ಅದರ ಇನ್‌ವಾಯ್ಸ್ ಬೇಕು" ಅಂದೆ. "ಎಂತ ಮಾರಾಯ, ಸಂಬಂಧದೊಳಗೆ ಇಷ್ಟೆಲ್ಲ ಉಂಟಾ?" ಅಂತ ಅವರಿಗೆ ಸ್ವಲ್ಪ ಬೇಸರವೂ ಆಯಿತು. ಕಾಸರಗೋಡಿನ ಲೆಕ್ಕ ಬಿಡಿಸಿ ಹೇಳಿದ ಮೇಲೆ ಒಪ್ಪಿದರು.

ಮನೆಯಲ್ಲಿ ಬಿಲ್ಲು ಸಿಗಲಿಲ್ಲ. ಕಾರು ಮಾರಿದ ಶೋರೂಮ್ ಮುಚ್ಚಿ ವರ್ಷಗಳೇ ಆಗಿವೆ. ಕೊನೆಗೆ ಸಿಕ್ಕಿದ್ದು ಅವರ ಆಡಿಟರ್ ಹತ್ತಿರ. ವ್ಯಾಪಾರಸ್ಥರು ಕಾರಿನ ಸವಕಳಿಯನ್ನು ಖರ್ಚಿಗೆ ಹಾಕುತ್ತಾರಲ್ಲ, ಹಾಗಾಗಿ ಬಿಲ್ಲಿನ ಒಂದು ಪ್ರತಿ ಆಡಿಟರ ಫೈಲಿನಲ್ಲಿ ಇದ್ದೇ ಇರುತ್ತದೆ. ವ್ಯಾಪಾರ ಇರುವವರ ಗಾಡಿ ಕೊಳ್ಳುವುದಾದರೆ ಇದೊಂದನ್ನು ನೆನಪಿಡಿ. 8.6 ಲಕ್ಷ ಚಿಲ್ಲರೆಯ ಬಿಲ್ಲು, ಗಾಡಿಯ ಗುರುತಿಗೆ ಅದರ ಮೈಮೇಲೆ ಕೊರೆದಿರುವ ಚಾಸಿಸ್ ನಂಬರ್ ಸಮೇತ. ಅದರ ಫೋಟೋ ವಾಟ್ಸಾಪಿನಲ್ಲಿ ಬಂದ ದಿನವೇ 50 ಸಾವಿರ ಅಡ್ವಾನ್ಸ್ ಕಳಿಸಿದೆ. ಸಂಬಳದವರ ಗಾಡಿ, ಶೋರೂಮೂ ಇಲ್ಲ, ಆಡಿಟರೂ ಇಲ್ಲ ಅನ್ನುವಾಗ ಬಿಲ್ಲಿನ ಪ್ರತಿ ತರಿಸುವುದಕ್ಕೆ ಇನ್ನೊಂದು ದಾರಿ ಉಂಟು, ಎರಡು ಸಲ ಅದರಲ್ಲಿ ನನಗೆ ಕೆಲಸ ಆಗಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಹತ್ತು ಜನ ಒಟ್ಟಿಗೆ ಹೋದರೆ ಆ ಬಾಗಿಲು ಮುಚ್ಚುತ್ತದೆ.

ಈಗ ಮೆಟ್ಟಿಲಿನ ವಿಷಯ. 2024ರ ಮೇ ಕೊನೆಯಲ್ಲಿ ಭಾವ ಮಕ್ಕಳನ್ನು ಕರೆದುಕೊಂಡು ಅದೇ ಕಾರಿನಲ್ಲಿ ಊರಿಗೆ ಬಂದರು, ಕಾರನ್ನು ಇಲ್ಲೇ ಬಿಟ್ಟು ರೈಲಿನಲ್ಲಿ ಹೋದರು. ಆಗ ಗಾಡಿಗೆ ಆರು ವರ್ಷ ಮುಗಿದು ಏಳನೆಯದು ನಡೆಯುತ್ತಿತ್ತು, ಅಂದರೆ ಶೇ 64. ಆಗಸ್ಟಿನಲ್ಲಿ ಏಳು ತುಂಬಿದರೆ 59. ಪೂರ್ತಿ ಟ್ಯಾಕ್ಸ್ ಸೆಸ್ ಸೇರಿ 1.33 ಲಕ್ಷದ ಮೇಲೆ ಬರುತ್ತಿತ್ತು, ಅದರ ಶೇ 5 ಅಂದರೆ 6,600 ಚಿಲ್ಲರೆ. ಒಂದು ಸರ್ವಿಸಿನ ದುಡ್ಡು. ಹಾಗಾಗಿ ಮಾರಾಟದ ತಾರೀಕನ್ನೇ ಆಗಸ್ಟಿಗೆ ಇಟ್ಟುಕೊಂಡೆವು. ಅಲ್ಲಿಯವರೆಗೆ ಕಾರು ಭಾವನ ಹೆಸರಲ್ಲೇ, ಇನ್ಶೂರೆನ್ಸೂ ಅವರದ್ದೇ. ಮಾರಾಟದ ಕಾಗದ ಆದ ಮೇಲೆ ಕಾಯುವ ಆಟ ಆಡಬಾರದು, ಕೊಂಡವನು 30 ದಿನದೊಳಗೆ ತಿಳಿಸಬೇಕು ಅಂತ ಕಾನೂನು ಇದೆ. ಬೇರೆ ರಾಜ್ಯದಲ್ಲಿ ಇಟ್ಟುಕೊಂಡ ಗಾಡಿಗೆ ಹೊಸ ನಂಬರಿಗೆ 12 ತಿಂಗಳ ಅವಕಾಶ ಇದೆ, ಆದರೆ ಗಾಡಿ ಯಾವಾಗ ಬಂತು ಅಂತ ತೋರಿಸುವ ಭಾರ ನಮ್ಮ ಮೇಲೆ. ಸಂತೆಕಟ್ಟೆ ಹತ್ತಿರ ಒಮ್ಮೆ ತಪಾಸಣೆಯವರು ತಡೆದರು. ಶಿರೂರು, ಸಾಸ್ತಾನ ಟೋಲುಗಳಲ್ಲಿ ಮೇ ತಿಂಗಳಲ್ಲಿ ದುಡ್ಡು ಕಡಿದ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೆ, ತೋರಿಸಿದೆ, ಬಿಟ್ಟರು.

ಆದರೆ ಕಾದದ್ದು ನಮ್ಮೂರಿನ ಮಳೆಗಾಲದಲ್ಲಿ. ಜುಲೈಯಲ್ಲಿ ಹತ್ತು ದಿನ ಬಾಗಿಲು ತೆರೆಯದೆ ಬಿಟ್ಟೆ, ತೆರೆದರೆ ಸ್ಟಿಯರಿಂಗಿನ ಮೇಲೂ ಸೀಟ್ ಬೆಲ್ಟಿನ ಮೇಲೂ ಬಿಳಿ ಬೂಷ್ಟು. ಅಂಗಡಿಯಲ್ಲಿ ಸಿಗುವ ತೇವ ಹೀರುವ ಡಬ್ಬಿ ಎರಡು ತಂದೆ, ವಾರದಲ್ಲೇ ನೀರು ತುಂಬಿತು. ಮುಂದಿನ ಸೀಟಿನ ಕೆಳಗೆ ಬಟ್ಟಲಲ್ಲಿ ಕಲ್ಲುಪ್ಪು, ಹಿಂದಿನ ಸೀಟಿನ ಕೆಳಗೆ ತೆಂಗಿನ ಗೆರಟೆಯ ಇದ್ದಿಲನ್ನು ಹಳೆ ಪಂಚೆಯಲ್ಲಿ ಕಟ್ಟಿ ಇಟ್ಟು ನೋಡಿದೆ. ಉಪ್ಪು ನಾಲ್ಕೇ ದಿನದಲ್ಲಿ ಕರಗಿ ಮ್ಯಾಟ್ ಹಾಳು ಮಾಡಿತು. ಇದ್ದಿಲು ಗೆದ್ದಿತು, ವಾರಕ್ಕೊಮ್ಮೆ ಅದನ್ನು ಬಚ್ಚಲೊಲೆಯ ಬದಿಯಲ್ಲಿ ಒಣಗಿಸಿದರೆ ಸಾಕು, ವಾಸನೆಯೂ ಹೋಯಿತು. ಈಗಲೂ ಮಳೆಗಾಲದಲ್ಲಿ ಆ ಗಂಟು ಕಾರಿನಲ್ಲೇ ಇರುತ್ತದೆ.

ಮಧ್ಯೆ ಎನ್‌ಒಸಿ ಕೆಲಸ, ಅಂದರೆ ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಮುಂಬೈಯ ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ. ನಾವು ಎಣಿಸದ ಎರಡು ಕಡೆ ಸಿಕ್ಕಿಹಾಕಿಕೊಂಡೆವು. ಭಾವ ಕಾರಿನ ಸಾಲ ತೀರಿಸಿ ಮೂರು ವರ್ಷ ಆಗಿತ್ತು, ಆರ್‌ಸಿಯಲ್ಲಿ ಮಾತ್ರ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ಆ ಬ್ಯಾಂಕೇ ಇನ್ನೊಂದರಲ್ಲಿ ವಿಲೀನ ಆಗಿದೆ. ಹೊಸ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಪತ್ರ, ಸಾಲ ತೀರಿತು ಅನ್ನುವ ಫಾರಂ 35ರಲ್ಲಿ ಸೀಲು ಇಷ್ಟಕ್ಕೆ ಮೂರು ವಾರ. ಇನ್ನೊಂದು, ಇ-ಚಲನ್. ಏಳೆಂಟು ಬಾಕಿ ಇದ್ದವು, ಎಲ್ಲ ವೇಗದ್ದು ಮತ್ತು ಸಿಗ್ನಲಿನದ್ದು, ಒಟ್ಟು 6,500ರಷ್ಟು. ಅದನ್ನು ತೀರಿಸದೆ ಎನ್‌ಒಸಿ ಮುಂದೆ ಹೋಗಲಿಲ್ಲ. ಭಾವ ತಾವೇ ಕಟ್ಟಿದರು. ಹೊರಗಿನವರ ಗಾಡಿಯಾದರೆ ಚಲನ್ ನೋಡದೆ ಅಡ್ವಾನ್ಸ್ ಕೊಡಲೇಬೇಡಿ.

ಎನ್‌ಒಸಿಗೆ ಬೇಕಾದ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ನಾನೇ ಇಲ್ಲಿಂದ ತೆಗೆದು ಕೊರಿಯರ್ ಮಾಡಿದ್ದೆ. ಮೊದಲನೆಯದು ವಾಪಸು ಬಂತು. ಸಮುದ್ರದ ಗಾಳಿ ಮುಂಬೈಯದ್ದೂ ಒಂದೇ ನಮ್ಮದೂ ಒಂದೇ, ನಂಬರ್ ಕೊರೆದ ತಗಡಿನಲ್ಲಿ ತುಕ್ಕು ಹಿಡಿದು ಕೊನೆಯ 3 ನೋಡುವುದಕ್ಕೆ 8ರ ಹಾಗೆ ಬಿದ್ದಿತ್ತು. ಸ್ಯಾಂಡ್‌ಪೇಪರ್ ಹಾಕಿದರೆ ಅಂಕಿಯೇ ಸವೆದು ಹೋಗಬಹುದು, ತಿದ್ದಿದ್ದೀರಿ ಅಂತ ಸಂಶಯವೂ ಬರಬಹುದು. ಬಟ್ಟೆಗೆ ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಆ ಜಾಗದ ಮೇಲೆ ಇಟ್ಟೆ. ಬೆಳಿಗ್ಗೆ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ಒಣಗಿಸಿ, ತೆಳು ಕಾಗದ ಇಟ್ಟು ಪೆನ್ಸಿಲನ್ನು ಮಲಗಿಸಿ ಒಂದೇ ದಿಕ್ಕಿನಲ್ಲಿ ಎಳೆದೆ. 3ರ ಎಡಗಡೆಯ ಬಾಯಿ ತೆರೆದುಕೊಂಡು ಸ್ಪಷ್ಟ ಬಿತ್ತು. ಅದೇ ಹೊತ್ತಿಗೆ ನಾಲ್ಕು ಪ್ರತಿ ತೆಗೆದಿಟ್ಟೆ, ಇಲ್ಲಿ ಇನ್‌ಸ್ಪೆಕ್ಷನಿಗೆ ಹೋದಾಗಲೂ ಬೇಕಾಯಿತು.

ಆಗಸ್ಟ್ ಕೊನೆಯ ವಾರ ಇಲ್ಲಿನ ಆರ್‌ಟಿಒದಲ್ಲಿ ಅರ್ಜಿ ಕೊಟ್ಟೆ. ಈ ಸಲ ಏಜೆಂಟ್ ಇಲ್ಲ. ಒಂದು ಫೈಲಿನಲ್ಲಿ ಎನ್‌ಒಸಿ, ಹೊಸ ನಂಬರಿಗೆ ಫಾರಂ 27, ಹೆಸರು ಬದಲಿಸಲು 29, 30, ಆರ್‌ಸಿ, ಎಮಿಷನ್, ಇನ್ಶೂರೆನ್ಸ್. ಎಲ್ಲದರ ಮೇಲೆ ಇನ್‌ವಾಯ್ಸ್, ಅದರಲ್ಲಿ ಬೆಲೆಯ ಸಾಲಿಗೆ ಹಳದಿ ಗೆರೆ. ಕೌಂಟರಿನಲ್ಲಿ ಕೂತವರು ಮೊದಲು ನೋಡುವುದು ಮೇಲಿನ ಕಾಗದವನ್ನೇ. ಜೊತೆಗೆ ನಾನೇ ಬರೆದ ಟ್ಯಾಕ್ಸ್ ಲೆಕ್ಕದ ಒಂದು ಚೀಟಿ ಇಟ್ಟಿದ್ದೆ. ಮೂರು ಸಲ ಓಡಾಡಬೇಕಾಯಿತು, ಆದರೆ ಬೆಲೆಯ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಅರ್ಜಿ ಕೊಟ್ಟ ದಿನದ ವಯಸ್ಸೇ ಹಿಡಿದರು, ಏಳು ತುಂಬಿತ್ತು. ಕಟ್ಟಿದ್ದು 79 ಸಾವಿರದ ಆಸುಪಾಸು, ನನ್ನ ಚೀಟಿಯಲ್ಲಿದ್ದದ್ದಕ್ಕೂ ಅದಕ್ಕೂ ನೂರಿನ್ನೂರು ರೂಪಾಯಿ ವ್ಯತ್ಯಾಸ ಅಷ್ಟೇ. ಆ ರಸೀದಿಯ ಫೋಟೋವನ್ನು ಮೊದಲು ಕಳಿಸಿದ್ದು ಕಟಪಾಡಿಯ ಗ್ಯಾರೇಜಿಗೆ.

ನಡುವೆ ಒಂದು ಬಿಎಚ್ ನಂಬರಿನ ಗಾಡಿಯನ್ನೂ ನೋಡಿದ್ದೆ, ಮಣಿಪಾಲದಲ್ಲಿ, ವರ್ಗವಾಗಿ ಹೋಗುತ್ತಿದ್ದ ಒಬ್ಬ ಅಧಿಕಾರಿಯದ್ದು. ಬಿಎಚ್ (ಭಾರತ್) ಸರಣಿ ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವ ನೌಕರರಿಗೆ ಅಂತ 2021ರಲ್ಲಿ ಬಂದದ್ದು, ಅದಕ್ಕೆ ಟ್ಯಾಕ್ಸ್ ಎರಡೆರಡು ವರ್ಷಕ್ಕೆ ಕಟ್ಟುವುದು. ರೇಟು ನೋಡಿ ಬಾಯಲ್ಲಿ ನೀರು ಬಂತು. ಆದರೆ ನನ್ನಂಥ ಸ್ವಂತ ಉದ್ಯೋಗದವನಿಗೆ ಬಿಎಚ್ ಮುಂದುವರಿಸುವ ಅರ್ಹತೆ ಇಲ್ಲ, ಇಲ್ಲಿನ ನಂಬರ್ ಮಾಡಿಸಿ ಲೈಫ್ ಟ್ಯಾಕ್ಸ್ ಕಟ್ಟಲೇಬೇಕು. ಗಾಡಿಗೆ ಎರಡೇ ವರ್ಷ ಆದದ್ದು, ಬಿಲ್ಲು 13 ಲಕ್ಷದ್ದು. ಲೆಕ್ಕ ಹಾಕಿದರೆ ಟ್ಯಾಕ್ಸೇ ಎರಡು ಲಕ್ಷ ದಾಟಿತು. ಟೆಸ್ಟ್ ಡ್ರೈವ್ ಮುಗಿಸಿ ಕೀ ವಾಪಸು ಕೊಟ್ಟೆ.

ಇನ್ನು ಉಳಿದದ್ದು ಮಹಾರಾಷ್ಟ್ರದಲ್ಲಿ ಕಟ್ಟಿದ್ದ ಟ್ಯಾಕ್ಸ್. ಅಲ್ಲಿ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ 11, ಭಾವ 2017ರಲ್ಲಿ 94 ಸಾವಿರದಷ್ಟು ಕಟ್ಟಿದ್ದರು. ಕೆಎ 20 ಆರ್‌ಸಿ ಕೈಗೆ ಬಂದ ವಾರವೇ ಅದರ ಪ್ರತಿ, ಎನ್‌ಒಸಿ ಪ್ರತಿ, ಇಲ್ಲಿ ಟ್ಯಾಕ್ಸ್ ಕಟ್ಟಿದ ರಸೀದಿ ಎಲ್ಲ ಕಳಿಸಿದೆ, ಭಾವ ಅರ್ಜಿ ಹಾಕಿದರು. ರೀಫಂಡ್ ಬಂದರೆ ನನಗೆ ಅಂತ ಮಾರಾಟದ ಕಾಗದದಲ್ಲೇ ಒಂದು ಸಾಲು ಬರೆಸಿಕೊಂಡಿದ್ದೆ. ಖಾಲಿ ಸಹಿ ಹಾಕಿದ ಅರ್ಜಿಯನ್ನು ಮೊದಲೇ ತೆಗೆದಿಟ್ಟುಕೊಳ್ಳುವವರೂ ಇದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಅಲ್ಲಿನ ಕಚೇರಿಯಲ್ಲಿ ಫೈಲು ಎರಡು ಸಲ ಕಾಣೆಯಾಯಿತು. ಭಾವನ ಹೋಟೆಲಿನ ಹುಡುಗ ಆರೇಳು ಸಲ ಹೋಗಿ ನಿಂತ. ಒಟ್ಟು ಹನ್ನೊಂದು ತಿಂಗಳು.

ಕಾರಿಗೆ 3.6 ಲಕ್ಷ, ಟ್ಯಾಕ್ಸ್ 79 ಸಾವಿರ, ಎನ್‌ಒಸಿ ಓಡಾಟ, ಫೀಸು, ಹೊಸ ನಂಬರ್ ಪ್ಲೇಟ್, ಕೊರಿಯರ್ ಎಲ್ಲ ಸೇರಿ ಇನ್ನೊಂದು 25 ಸಾವಿರ. ಮೊನ್ನೆ ಭಾವ 33 ಸಾವಿರ ಚಿಲ್ಲರೆ ನನ್ನ ಖಾತೆಗೆ ಹಾಕಿ ಫೋನ್ ಮಾಡಿದರು. "ನಿನ್ನ ಟ್ಯಾಕ್ಸ್ ಬಂತು ಮಾರಾಯ. ಇನ್ನು ನನ್ನ ತಮ್ಮನ ಗಾಡಿಯೂ ಉಂಟು, ಇನ್‌ವಾಯ್ಸ್ ಹುಡುಕಲಿಕ್ಕೆ ಹೇಳ್ಲಾ?" ಅದರಲ್ಲಿ ಮೂರು ಸಾವಿರ ಹೋಟೆಲಿನ ಆ ಹುಡುಗನಿಗೆ ಕೊಡಿ ಅಂತ ವಾಪಸು ಹಾಕಿದ್ದೇನೆ.