ದೋಸಿ ಬಿಸೆ ತಿನ್ನೋಣವೇ? ಮಕ್ಕಳೊಂದಿಗೆ ಪದಗಳ ಆಟ ಆಡುವ ಬಗೆ

ಮಕ್ಕಳೊಂದಿಗೆ ಪದಗಳ ಆಟವಾಡಲು ಯಾವ ಸಾಮಗ್ರಿಯೂ ಬೇಕಿಲ್ಲ. ಬಸ್ಸಿಗೆ ಕಾಯುವಾಗಲೋ ಅವರೆಕಾಯಿ ಸುಲಿಯುವಾಗಲೋ ಸಿಗುವ ಹತ್ತು ನಿಮಿಷ ಸಾಕು. ನಾಲ್ಕೈದು ವರ್ಷದ ಮಗುವಿಗೆ ಓದಲು ಬಾರದಿದ್ದರೂ ತೊಂದರೆಯಿಲ್ಲ, ಏಕೆಂದರೆ ಕನ್ನಡದ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸುವುದು ಕಿವಿಗೇ ಒಗ್ಗುವ ಕೆಲಸ.

ಮೊದಲು ಚಪ್ಪಾಳೆಯಿಂದ ಆರಂಭಿಸಿ. 'ಅಮ್ಮ' ಎಂದರೆ ಎರಡು ಚಪ್ಪಾಳೆ, 'ನವಿಲು' ಎಂದರೆ ಮೂರು, 'ಕಲ್ಲಂಗಡಿ' ಎಂದರೆ ನಾಲ್ಕು.

ಇದು ಕೈಗೆ ಹತ್ತಿದ ಮೇಲೆ ಪದಗಳನ್ನು ಕೊಂಡಿ ಹಾಕುತ್ತ ಹೋಗಿ. ಹಿಂದಿನ ಪದದ ಕೊನೆಯ ಅಕ್ಷರದಿಂದ ಮುಂದಿನ ಪದ ಹುಟ್ಟಬೇಕು, ಗುಣಿತ ಬದಲಾದರೂ ನಡೆಯುತ್ತದೆ: ಮನೆ, ನವಿಲು, ಲಗೋರಿ, ರಾಗಿ, ಗಿಳಿ. ಇಲ್ಲಿ ಬಂಡಿ ನಿಂತುಬಿಡುತ್ತದೆ, ಏಕೆಂದರೆ ಇಂದಿನ ಕನ್ನಡದಲ್ಲಿ ಳಕಾರದಿಂದಾಗಲಿ ಣಕಾರದಿಂದಾಗಲಿ ಆರಂಭವಾಗುವ ಪದಗಳು ಸಿಗುವುದಿಲ್ಲ. ಆದ್ದರಿಂದ 'ಳ' ಬಂದರೆ 'ಲ', 'ಣ' ಬಂದರೆ 'ನ' ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ; ಇಲ್ಲದಿದ್ದರೆ ಜಗಳ ಖಂಡಿತ.

ಮೂರನೆಯದು ಮಕ್ಕಳು ಬಿದ್ದು ಬಿದ್ದು ನಗುವ ಆಟ. ಎರಡು ಪದಗಳ ಮೊದಲ ಅಕ್ಷರಗಳನ್ನು ಅದಲುಬದಲು ಮಾಡಿದರೆ 'ಬಿಸಿ ದೋಸೆ' 'ದೋಸಿ ಬಿಸೆ'ಯಾಗುತ್ತದೆ, 'ತಾತನ ಟೋಪಿ' 'ಟೋತನ ತಾಪಿ'ಯಾಗುತ್ತದೆ. ಈ ಹಂತದಲ್ಲಿ ದೊಡ್ಡವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ 'ಅಂಥ ಪದವೇ ಇಲ್ಲ' ಎಂದು ತಿದ್ದುವುದು. ಇಲ್ಲದ ಪದವನ್ನು ಹುಟ್ಟಿಸಲು ಮಗು ಇರುವ ಪದವನ್ನು ಸರಿಯಾಗಿ ಒಡೆದು ಜೋಡಿಸಿರುತ್ತದೆ. ಆ ನಗುವಿನೊಳಗೆ ನಿಜವಾದ ಭಾಷಾಜ್ಞಾನವಿದೆ ಎಂದು ನಾನು ನಂಬುತ್ತೇನೆ. ತಿದ್ದುವ ಬದಲು 'ಬಿಸೆಗೆ ಚಟ್ನಿ ಬೇಕೋ, ಪಲ್ಯ ಬೇಕೋ?' ಎಂದು ಗಂಭೀರವಾಗಿ ಕೇಳಿ ನೋಡಿ. ಉತ್ತರ ಎಷ್ಟು ಅಸಂಬದ್ಧವಾಗಿದ್ದರೂ ಅದರ ಮೇಲೆ ಇನ್ನೊಂದು ಪ್ರಶ್ನೆ ಕೇಳಿ, ಅದೇ ತಮಾಷೆಯನ್ನು ಹತ್ತನೆಯ ಸಲ ಹೇಳಿದಾಗಲೂ ಕಿವಿಗೊಡಿ.

ಏಳೆಂಟು ವರ್ಷದವರಿಗೆ ಎರಡರ್ಥದ ಪ್ರಶ್ನೆಗಳು ರುಚಿಸುತ್ತವೆ. ಅಲೆಯೇ ಇಲ್ಲದ ಸಾಗರ ಯಾವುದು? ಶಿವಮೊಗ್ಗ ಜಿಲ್ಲೆಯ ಸಾಗರ. ತಿರುಗಿಸಿ ಓದಿದರೂ ಬದಲಾಗದ ಊರು ಯಾವುದು? ಗದಗ. 'ಕುಬೇರನಿಗೇನಿರಬೇಕು' ಎಂಬುದನ್ನೂ ಹಿಂದಿನಿಂದ ಓದಿಸಿ.

'ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ' ಎಂಬಂಥ ನಾಲಗೆ ತೊಡರುವ ಸಾಲುಗಳನ್ನು ದೊಡ್ಡವರೇ ಮೊದಲು ಹೇಳಿ, ತಾವೇ ಮೊದಲು ತೊಡರಲಿ. ರಕಾರ ಇನ್ನೂ ತಿರುಗದ ಅಥವಾ ಮಾತು ತಡವರಿಸುವ ಮಗುವನ್ನು ನೆಂಟರೆದುರು ಇದಕ್ಕೆ ಒತ್ತಾಯಿಸಬಾರದು. ಒಬ್ಬರ ಹೆಸರನ್ನೋ ಮೈಬಣ್ಣವನ್ನೋ ಆಡಿಕೊಳ್ಳುವ ತಮಾಷೆಗೂ ಇಲ್ಲಿ ಜಾಗವಿಲ್ಲ.

ಕೊನೆಗೆ ಮಲಗುವ ಮುಂಚೆ ಜೋಡಿ ಪದಗಳ ಆಟವಾಡಬಹುದು. ಊಟ ಗೀಟ, ಹಾವು ಗೀವು, ಪುಸ್ತಕ ಗಿಸ್ತಕ ಎನ್ನುತ್ತ ಹೋದರೆ, ಮೊದಲ ಅಕ್ಷರ ದೀರ್ಘವಾದಲ್ಲಿ 'ಗೀ', ಹ್ರಸ್ವವಾದಲ್ಲಿ 'ಗಿ' ಬರುತ್ತದೆಂಬ ನಿಯಮವನ್ನು ಯಾರೂ ಹೇಳಿಕೊಡದೆಯೇ ಮಕ್ಕಳು ಪಾಲಿಸುತ್ತಾರೆ. ಆಗ 'ಗಿಳಿ'ಗೆ ಜೋಡಿ ಯಾವುದು ಎಂದು ಕೇಳಿ, ದೀಪ ಆರಿಸಿ.